ಅಳಿಸಬೇಕಾಗಿದ್ದ ದನಿ

ಮನೆ, ಹಿಂದಿನ ಕೋಣೆ
ಭಾನುವಾರ, ೯ ಮಾರ್ಚ್, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಕೆಳಗೆ ಸಹಿ ಮಾಡಿರುವ ನಾನು, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ನೀನು ಬೀಗ ಹಾಕಿ ಹೋದ ಕೋಣೆಯನ್ನು, ಅಪ್ಪನ ಗುಂಡಿ ಡಬ್ಬಿಯಲ್ಲಿದ್ದ ಇನ್ನೊಂದು ಕೀಲಿಯಿಂದ ಹಾಡಹಗಲೇ ತೆರೆದು, ನಿನ್ನ ಹಾಸಿಗೆಯನ್ನು ಕದ್ದಿದ್ದೇನೆ. ಕದ್ದ ಮಾಲು ಸದ್ಯ ರೆಕಾರ್ಡಿಂಗ್ ಕೋಣೆಯ ಗೋಡೆಗೆ ಒರಗಿ ನಿಂತಿದೆ, ಡ್ರಮ್ಮಿನ ಸದ್ದು ಗೋಡೆಗೆ ಬಡಿದು ವಾಪಸು ಬರದಿರಲಿ ಎಂದು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರು ಹಿರಿಯರು; ಹಾಸಿಗೆಯೇ ಎದ್ದು ನಿಂತರೆ ಕಾಲನ್ನು ಎಲ್ಲಿ ಚಾಚಬೇಕೆಂದು ಅವರು ಹೇಳಿಲ್ಲ. ಹೊದಿಕೆಯನ್ನು ಮಾತ್ರ ಮಡಚಿ ಕಪಾಟಿನಲ್ಲಿಟ್ಟಿದ್ದೇನೆ. ಶಿಕ್ಷೆ ಕೊಡುವಾಗ ಆ ಒಂದು ಸದ್ಗುಣವನ್ನು ಗಮನಿಸಬೇಕಾಗಿ ವಿನಂತಿ.

ಅದಿರಲಿ, ಹೇಗಿದ್ದೀಯ? ಕತ್ತುನೋವು ಕಡಿಮೆಯಾಯಿತೇ? ದಿನಕ್ಕೆ ಎಂಟು ಗಂಟೆ ಬೇರೆಯವರ ತಪ್ಪುಗಳ ಮೇಲೆ ಬಗ್ಗಿಕೊಂಡಿದ್ದರೆ ಯಾರ ಕತ್ತಾದರೂ ನೋಯುತ್ತದೆ. ನನ್ನ ತಪ್ಪುಗಳ ಮೇಲೆ ಬಗ್ಗಿದ್ದರಿಂದಲೇ ಅದು ಶುರುವಾಗಿದ್ದು ಎನ್ನುವುದನ್ನೂ ಬಲ್ಲೆ. ಹೊಸ ಕನ್ನಡಕ ಮಾಡಿಸಿದೆಯಾ? ಬಾಡಿಗೆ ಕೋಣೆಯಲ್ಲಿ ಬಿಸಿನೀರು ಬರುತ್ತಿದೆಯಾ? ನಿನ್ನ ಕಾರ್ಡುಗಳಲ್ಲಿ ಎರಡೇ ಸಾಲು ಇರುತ್ತವೆ, ಎರಡೂ ನಿರ್ದೋಷವಾಗಿರುತ್ತವೆ, ಆದ್ದರಿಂದ ಏನೂ ಗೊತ್ತಾಗುವುದಿಲ್ಲ. ಅಪ್ಪ ಚೆನ್ನಾಗಿದ್ದಾರೆ. ಮೊಣಕಾಲು ನೋಯುತ್ತದೆ, ಆದರೂ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುವುದನ್ನು ಬಿಟ್ಟಿಲ್ಲ. ಬಟ್ಟೆ ಕೊಡಲು ಬಂದವರಿಗೆಲ್ಲ ‘ನನ್ನ ಮಗಳು ದೊಡ್ಡ ಪ್ರೆಸ್ಸಲ್ಲಿ ಕರಡಿ ತಿದ್ತಾಳೆ’ ಅಂತಲೇ ಹೇಳುತ್ತಾರೆ. ಅದು ಕರಡು ಎಂದು ನಾನು ಎಷ್ಟು ಸಲ ಹೇಳಿದರೂ ಅಷ್ಟೇ. ಬೀದಿಯ ಅರ್ಧ ಜನ ನೀನು ಸರ್ಕಸ್ಸಿನಲ್ಲಿದ್ದೀಯ ಎಂದುಕೊಂಡಿದ್ದಾರೆ. ಉಳಿದರ್ಧಕ್ಕೆ ನಿನ್ನ ಬಗ್ಗೆ ಭಯಭಕ್ತಿ ಹೆಚ್ಚಾಗಿದೆ.

ಈಗ ಸುದ್ದಿ. ‘ಬಂದುಹೋಗುವವರು’ ತಂಡದ ಎರಡನೇ ರೆಕಾರ್ಡು ಹೆಚ್ಚುಕಡಿಮೆ ಮುಗಿದಿದೆ. ಒಂಬತ್ತು ಹಾಡು, ಹದಿನೆಂಟು ಅತಿಥಿಗಳು. ತಿಥಿ ನೋಡದೆ ಬರುವವನು ಅತಿಥಿ ಎಂದು ಕಾಲೇಜಿನಲ್ಲಿ ಓದಿದ್ದೆವು. ನಮ್ಮವರು ತಿಥಿ, ವಾರ, ಗಂಟೆ, ಜೊತೆಗೆ ವಾಹನ ನಿಲ್ಲಿಸಲು ಜಾಗ ಎಲ್ಲವನ್ನೂ ಗೊತ್ತುಮಾಡಿಕೊಂಡೇ ಬರುತ್ತಾರೆ. ಡ್ರಮ್ಮಿಗೆ ಈ ಸಲವೂ ನಮ್ಮ ಹಲ್ಲಿನ ಡಾಕ್ಟರೇ. ತಾಳಿದವನು ಬಾಳಿಯಾನು ಅನ್ನುತ್ತಾರೆ, ಇವರು ತಾಳವನ್ನೇ ತಾಳುವವರಲ್ಲ. ವಾರವಿಡೀ ಜನರನ್ನು ಮರಗಟ್ಟಿಸಿ ನೋಯಿಸುತ್ತಾರೆ, ಭಾನುವಾರ ಮರಗಟ್ಟಿಸದೆ. ವಯಲಿನ್ ಟೀಚರೂ ಬಂದರು, ಮೂರು ಹಾಡಿಗೆ. ಹೀಗೆ ಒಬ್ಬೊಬ್ಬರಾಗಿ ಬಂದರು, ಹೋದರು. ಅತಿಥಿಗಳು ಬದಲಾಗುತ್ತಾರೆ, ಆತಿಥೇಯ ಬದಲಾಗುವುದಿಲ್ಲ. ಒಂಬತ್ತಕ್ಕೆ ಒಂಬತ್ತೂ ಹಾಡಿನಲ್ಲಿ ಇರುವವನು ನಾನೊಬ್ಬನೇ. ಹೋದ ಬುಧವಾರ ರೇಡಿಯೊದವರೊಬ್ಬರು ಮಿಕ್ಸಿಂಗ್ ಕೋಣೆಗೇ ಬಂದು ಮೂರು ಹಾಡು ಕೇಳಿದರು. ಕೇಳಿ, ನನ್ನ ಕೈ ಕುಲುಕಿ, ‘ನಿಮ್ಮ ಗಿಟಾರ್ ಎಷ್ಟು ಹಿಂದೆ ಸರಿದು ನಿಂತಿದೆ ನೋಡಿ, ಈ ಸಂಯಮ ಈಗಿನವರಲ್ಲಿ ಎಲ್ಲಿದೆ?’ ಅಂದರು. ನನ್ನ ಗಿಟಾರನ್ನು ನೀನು ‘ಮಾತು ಮುಗಿಸಲು ಬಾರದ ನೆಂಟ’ ಎಂದು ಕರೆಯುತ್ತಿದ್ದೆಯಲ್ಲ, ಅದಕ್ಕೇ ವಿಶೇಷವಾಗಿ ಬರೆಯುತ್ತಿದ್ದೇನೆ.

ಇಲ್ಲಿಯವರೆಗಿನದನ್ನು ಸಲೀಸಾಗಿ ಬರೆದೆ. ಇನ್ನು ಮುಂದಿನದಕ್ಕೆ ಬೆಳಗಿನಿಂದ ಮೂರು ಹಾಳೆ ಹರಿದಿದ್ದೇನೆ.

ನಿನಗೆ ಗೊತ್ತಿರುವುದನ್ನೇ ಒಮ್ಮೆ ಹೇಳುತ್ತೇನೆ, ಹೇಳಿದರೆ ಮುಂದಿನದನ್ನು ಹೇಳಲು ಧೈರ್ಯ ಬಂದೀತು. ನಮ್ಮಲ್ಲಿ ಅತಿಥಿಗಳು ಯಾರೂ ಒಟ್ಟಿಗೆ ಕೂತು ನುಡಿಸುವುದಿಲ್ಲ. ಹಾಡು ಹೇಗೆ ಹೋಗುತ್ತದೆಂದು ತೋರಿಸಲು ಮೊದಲು ಒಂದು ದನಿಯನ್ನು ಒರಟಾಗಿ ಹಾಡಿಸಿ ಇಟ್ಟುಕೊಳ್ಳುತ್ತೇವೆ, ಅದು ಗೈಡು. ಬಂದವರೆಲ್ಲ ಅದನ್ನು ಕಿವಿಗೆ ಹಾಕಿಕೊಂಡು ತಮ್ಮ ಪಾಲಿನದನ್ನು ನುಡಿಸಿ ಹೋಗುತ್ತಾರೆ. ಎಲ್ಲ ಮುಗಿದ ಮೇಲೆ ದೊಡ್ಡ ಗಾಯಕರೊಬ್ಬರು ಬಂದು ಸರಿಯಾಗಿ ಹಾಡುತ್ತಾರೆ, ಗೈಡನ್ನು ಅಳಿಸಿಬಿಡುತ್ತೇವೆ. ಮನೆ ಕಟ್ಟಿದ ಮೇಲೆ ಸಾರುವೆ ಬಿಚ್ಚಿದ ಹಾಗೆ. ಎರಡೂ ರೆಕಾರ್ಡುಗಳ ಎಲ್ಲ ಹಾಡಿಗೂ ಗೈಡ್ ಹಾಡಿದವಳು ನೀನು. ಪ್ರೆಸ್ಸಿನಿಂದ ಬಂದು, ಕೈಕಾಲು ತೊಳೆದು, ಒಂದು ಲೋಟ ನೀರು ಕುಡಿದು ಹಾಡಲು ನಿಲ್ಲುತ್ತಿದ್ದೆ. ‘ಬರೀ ಗೈಡ್ ತಾನೆ ಅಕ್ಕಾ, ಯಾರೂ ಕೇಳಲ್ಲ’ ಎಂದು ಪ್ರತಿ ಸಲವೂ ನಾನು ಹೇಳುತ್ತಿದ್ದೆ. ಈಗ ಆ ವಾಕ್ಯ ನೆನಪಾದರೆ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಮೊದಲ ರೆಕಾರ್ಡಿನ ಹೊದಿಕೆಯ ಕರಡನ್ನು ನಿನಗೆ ತಿದ್ದಲು ಕೊಟ್ಟಿದ್ದೆ. ಮನೆಯಲ್ಲೇ ಇಂಥ ಕಣ್ಣಿರುವಾಗ ಹೊರಗೆ ಯಾಕೆ ಕೊಡಬೇಕು ಎನ್ನುವ ಲೆಕ್ಕಾಚಾರ. ನೀನು ಊಟದ ಮೇಜಿನ ಮೇಲೆ ಹರಡಿಕೊಂಡು, ಕೆಂಪು ಪೆನ್ನು ಹಿಡಿದು ಓದಿದೆ. ಇಪ್ಪತ್ತಮೂರು ಹೆಸರು. ಹಲ್ಲಿನವರ ಹೆಸರಿನ ಹಿಂದೆ ‘ಡಾ.’ ಬಿಟ್ಟುಹೋಗಿತ್ತು, ಸೇರಿಸಿದೆ. ಕುರ್ಚಿ ಕೊಟ್ಟ ಪಕ್ಕದ ಮನೆಯವರಿಗೆ ಎರಡು ಸಲ ಕೃತಜ್ಞತೆ ಹೇಳಿದ್ದೆ, ಒಂದನ್ನು ಹೊಡೆದುಹಾಕಿದೆ. ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಇನ್ನೊಮ್ಮೆ ಓದಿದೆ. ಮೂಲೆಯಲ್ಲಿ ‘ಸರಿಯಿದೆ’ ಎಂದು ಬರೆದು ತಾರೀಕು ಹಾಕಿ ನನ್ನ ಕೈಗೆ ಕೊಟ್ಟೆ. ನಿನ್ನ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ಕುರ್ಚಿಗೆ ಎರಡು ಕೃತಜ್ಞತೆ, ಅಕ್ಕನಿಗೆ ಒಂದೂ ಇಲ್ಲ. ಗಡಿಬಿಡಿಯಲ್ಲಿ ಮರೆತುಹೋಯಿತು ಅಕ್ಕಾ, ಪ್ರಿಂಟಿನವರು ಅವಸರ ಮಾಡುತ್ತಿದ್ದರು. ನೀನೂ ಏನೂ ಹೇಳಲಿಲ್ಲ. ರೆಕಾರ್ಡು ಬಿಡುಗಡೆಯಾದ ಮಾರನೇ ವಾರವೇ ಎರಡನೆಯದರ ಒಂಬತ್ತೂ ಗೈಡನ್ನು ನಾಲ್ಕು ದಿನದಲ್ಲಿ ಹಾಡಿ ಮುಗಿಸಿದೆ. ‘ಒಪ್ಕೊಂಡಿದ್ದೆ, ಮುಗಿಸಿಯೇ ಹೋಗ್ತೀನಿ’ ಅಂದೆ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಮೈಕಿನ ಎತ್ತರ ಸರಿಮಾಡುತ್ತಿದ್ದೆ. ಹದಿನೈದು ದಿನಕ್ಕೆ ನೀನು ದೂರದ ಪ್ರೆಸ್ಸಿನ ಕೆಲಸ ಹಿಡಿದು ಹೊರಟುಹೋದೆ. ಬಡ್ತಿ ಸಿಕ್ಕಿತು ಎಂದು ನಾನು ಎಲ್ಲರಿಗೂ ಹೇಳಿದೆ. ಅಪ್ಪ ಮಾತ್ರ ಯಾರಿಗೂ ಹಾಗೆ ಹೇಳಲಿಲ್ಲ.

ಮೊನ್ನೆ ಈ ರೆಕಾರ್ಡಿನ ದೊಡ್ಡ ಅತಿಥಿ ಹಾಡಲು ಬಂದರು. ವೃತ್ತಿಯಲ್ಲಿ ವಕೀಲೆ, ಕಂಠ ಮಾತ್ರ ನ್ಯಾಯಾಲಯದ ಛಾವಣಿ ಹಾರಿಸುವಂಥದ್ದು. ಕಾಯ್ದೆ ಪ್ರಕಾರ ಹಾಡಿದರು: ಶ್ರುತಿ ಒಂದು ಕೂದಲೆಳೆ ಅತ್ತಿತ್ತ ಇಲ್ಲ, ಲಯ ಗಡಿಯಾರ. ನಮ್ಮ ಸೌಂಡಿನವರು, ನಿನ್ನ ಕಿವಿಯಣ್ಣ, ನಿನ್ನ ಗೈಡನ್ನು ತೆಗೆದು ಅವರ ದನಿ ಹಾಕಿ ಕೇಳಿಸಿದರು. ಅಕ್ಕಾ, ಹಾಡು ಕುಂಟಿತು. ಡ್ರಮ್ಮು ತಡವಾಗಿ ಬಂದು ಬಾಗಿಲು ತಟ್ಟಿದ ಹಾಗೆ. ವಯಲಿನ್ ಯಾರನ್ನೋ ಕಾಯುತ್ತಾ ನಿಂತ ಹಾಗೆ. ಇನ್ನೊಂದು ಹಾಡು ಹಾಕಿದರು, ಅದೂ ಹಾಗೇ. ಯಂತ್ರ ಕೆಟ್ಟಿದೆ ಎಂದು ನಾನು ಅಂದೆ. ಕಿವಿಯಣ್ಣ ಮತ್ತೆ ನಿನ್ನ ದನಿ ಹಾಕಿದರು. ಎಲ್ಲ ತಂತಮ್ಮ ಜಾಗದಲ್ಲಿ ಬಂದು ಕೂತವು. ಮೂರನೇ ಸಾಲಿಗೆ ಮೊದಲು ನೀನು ಒಂದು ಉಸಿರು ತೆಗೆದುಕೊಳ್ಳುತ್ತೀಯ, ಒಂದು ಚೂರು ತಡ ಮಾಡಿ, ಮಾತು ಶುರುಮಾಡುವ ಮುಂಚೆ ಕನ್ನಡಕ ಏರಿಸಿಕೊಳ್ಳುವಷ್ಟು ಹೊತ್ತು. ತಾಳವನ್ನೂ ತಾಳದ ಹಲ್ಲಿನ ಡಾಕ್ಟರು ಆ ಉಸಿರಿಗೆ ಕಾದಿದ್ದಾರೆ. ಎಲ್ಲರೂ ಕಾದಿದ್ದಾರೆ. ಒಬ್ಬರ ಮುಖ ಇನ್ನೊಬ್ಬರು ನೋಡದ ಹದಿನೆಂಟು ಜನ, ಬೇರೆ ಬೇರೆ ತಿಂಗಳಲ್ಲಿ ಬಂದು, ನಿನ್ನೊಬ್ಬಳ ಉಸಿರಿಗೆ ಕಾದು ನುಡಿಸಿ ಹೋಗಿದ್ದಾರೆ. ನಾನು ಒಂದು ತಂಡ ಕಟ್ಟಿದ್ದೇನೆ ಎಂದುಕೊಂಡಿದ್ದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ಪರೀಕ್ಷೆಗೆ ಉರುಹೊಡೆದವನು ನಾನೇ.

ವಕೀಲೆ ಕಿವಿಯಿಂದ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು. ‘ಇದು ಇನ್ನೊಬ್ಬರು ಸಂಸಾರ ಮಾಡ್ತಿರೋ ಮನೆ ಕಣ್ರೀ, ನಾನು ಎಲ್ಲಿ ಚಾಪೆ ಹಾಸ್ಲಿ? ಯಾರಿವರು? ಇವರನ್ನೇ ಕರೀರಿ’ ಅಂದರು. ಆಗ ನಾನು ಏನು ಹೇಳಿದೆ ಗೊತ್ತೇ? ‘ಅಯ್ಯೋ, ಅದು ಯಾರೂ ಅಲ್ಲ, ಬರೀ ಗೈಡು’ ಅಂದೆ. ತಲೆ ಎತ್ತಿದರೆ ಬಾಗಿಲಲ್ಲಿ ಅಪ್ಪ. ಕೊರಳಲ್ಲಿ ಟೇಪು, ಬಾಯಲ್ಲಿ ಗುಂಡುಪಿನ್ನು. ವಕೀಲೆಯ ಕೋಟಿನ ಗುಂಡಿ ಹಾಕಿಕೊಡಲು ಬಂದಿದ್ದರು. ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಅಂಗಿಗೆ ಚುಚ್ಚಿಕೊಂಡರು. ‘ಅವಳಿಗೊಂದು ಹೆಸರಿದೆ, ನಾನೇ ಇಟ್ಟಿದ್ದು’ ಅಂದರು. ಅಷ್ಟೇ ಅಂದು, ಕೋಟು ತೆಗೆದುಕೊಂಡು ಹೋದರು. ಊಟಕ್ಕೆ ಕೂತಾಗ ಅಪ್ಪ, ತಟ್ಟೆ ನೋಡುತ್ತಲೇ, ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂದು ಗೊಣಗಿದರು. ನನಗಲ್ಲ, ಉಪ್ಪಿನ ಡಬ್ಬಿಗೆ ಎನ್ನುವ ಹಾಗೆ. ಅಂದಿನಿಂದ ನನ್ನ ಜೊತೆ ಅವರ ವ್ಯವಹಾರವೆಲ್ಲ ಉಪ್ಪಿನ ಡಬ್ಬಿಯ ಮೂಲಕವೇ ನಡೆಯುತ್ತಿದೆ.

ಆದ್ದರಿಂದ ವಿಷಯ ಇಷ್ಟು. ಇಪ್ಪತ್ತನೇ ತಾರೀಕಿನೊಳಗೆ ಹೊದಿಕೆಯ ಬರಹ ಪ್ರಿಂಟಿಗೆ ಕೊಡಬೇಕು. ಒಂಬತ್ತೂ ಹಾಡಿನಲ್ಲಿ ನಿನ್ನ ದನಿಯನ್ನು ಹಾಗೇ ಉಳಿಸಬೇಕೆಂದು ನನ್ನ ಆಸೆ, ಹೆಸರು ಎಲ್ಲರಿಗಿಂತ ಮೇಲೆ. ಕೇಳದೆ ಉಳಿಸುವುದಿಲ್ಲ. ಅಳಿಸುತ್ತೇನೆ ಎಂದು ನಂಬಿಸಿ ಹಾಡಿಸಿಕೊಂಡದ್ದು ಅದು; ಅಳಿಸು ಅನ್ನುವ ಹಕ್ಕು ನಿನ್ನದೇ. ನೀನು ಬೇಡ ಅಂದರೆ ಒಂಬತ್ತನ್ನೂ ಅಳಿಸಿ, ರೆಕಾರ್ಡನ್ನು ಅಲ್ಲಿಗೆ ನಿಲ್ಲಿಸುತ್ತೇನೆ, ಯಾಕೆ ಎಂದು ಎಲ್ಲ ಅತಿಥಿಗಳಿಗೂ ನಾನೇ ಹೇಳುತ್ತೇನೆ. ಒಂದು ಕಾರ್ಡು ಸಾಕು. ಒಂದು ಪದವಿದ್ದರೂ ಸಾಕು, ‘ಸರಿಯಿದೆ’ ಎಂಬುದೊಂದನ್ನು ಬಿಟ್ಟು. ಆ ಪದವನ್ನು ನಿನ್ನ ಕೈಬರಹದಲ್ಲಿ ಇನ್ನೊಮ್ಮೆ ನೋಡಲು ನನ್ನಿಂದಾಗದು.

ಕತ್ತಿನ ಕಡೆ ಗಮನವಿರಲಿ. ದಿಂಬು ತೆಳ್ಳಗಿರಲಿ. ಅಪ್ಪನ ಆಶೀರ್ವಾದಗಳು, ಚಳಿಗೆ ಒಂದು ಕೋಟು ಹೊಲಿಯುತ್ತಿದ್ದಾರಂತೆ, ತೋಳಿನ ಉದ್ದ ಮೊದಲಿನಷ್ಟೇ ಇದೆಯಾ ಎಂದು ಕೇಳಲು ಹೇಳಿದ್ದಾರೆ, ಉಪ್ಪಿನ ಡಬ್ಬಿಗೆ. ಕಿವಿಯಣ್ಣನ ನಮಸ್ಕಾರ.

ನಿನ್ನ ತಮ್ಮ,
ಹಾಸಿಗೆಗಳ್ಳ

ತಾ.ಕ. (ಸೋಮವಾರ ಬೆಳಿಗ್ಗೆ): ಲಕೋಟೆ ಅಂಟಿಸಿದ್ದೆ, ಹಬೆ ತೋರಿಸಿ ಬಿಚ್ಚಿದ್ದೇನೆ. ಅಕ್ಷರ ವಕ್ರವಾಗಿದ್ದರೆ ತಿದ್ದಿಕೊಂಡು ಓದು, ಅಂಚೆಪೆಟ್ಟಿಗೆ ತೆಗೆಯುವವರು ಈಗಾಗಲೇ ಬೀದಿ ತುದಿಗೆ ಬಂದಿದ್ದಾರೆ. ಮೇಲೆ ‘ಮರೆತುಹೋಯಿತು’ ಎಂದು ಬರೆದಿದ್ದೇನಲ್ಲ, ಮರೆತಿರಲಿಲ್ಲ. ಮೊದಲ ಪ್ರತಿಯಲ್ಲಿ ನಿನ್ನ ಹೆಸರಿತ್ತು. ಅಕ್ಕನೂ ಇದ್ದಾಳೆ ಎಂದು ಗೊತ್ತಾದರೆ ಇದು ಮನೆಮಂದಿಯ ಆಟ ಅಂದುಕೊಳ್ಳುತ್ತಾರೆ, ಇಷ್ಟು ಜನರನ್ನು ಒಬ್ಬನೇ ನಿಭಾಯಿಸಿದ ಎಂದು ಯಾರೂ ಅನ್ನುವುದಿಲ್ಲ ಅನ್ನಿಸಿತು. ನಾನೇ ಹೊಡೆದುಹಾಕಿ, ಹೊಸ ಪ್ರತಿ ಮಾಡಿಸಿ, ಅದನ್ನು ನಿನ್ನ ಕೈಗೇ ಕೊಟ್ಟೆ. ನೀನು ಬೇಡ ಅನ್ನುವುದಾದರೆ ಇದನ್ನು ತಿಳಿದುಕೊಂಡೇ ಅನ್ನಬೇಕು. ಇನ್ನೊಂದು. ರೇಡಿಯೊದವರು ಬಂದ ದಿನ ಅರ್ಧ ಗಂಟೆ ಕೇಳಿದ್ದು ‘ಈ ಹಾಡ್ತಿರೋರು ಯಾರು, ಎಲ್ಲಿದ್ದಾರೆ’ ಎಂದೇ. ಹೊರಡುವಾಗ ನನ್ನ ಮುಖ ನೋಡಿ, ಪಾಪ, ಗಿಟಾರಿನ ಮಾತು ಎತ್ತಿದರು. ಅಂಥ ಸಂಯಮಕ್ಕೆ ಹದಿನೈದು ವರ್ಷದ ಸಾಧನೆ ಬೇಕು ಎಂದು ನಾನು ಉತ್ತರ ಕೊಟ್ಟೆ. ಅವರು ಹೋದ ಮೇಲೆ ಕಿವಿಯಣ್ಣ ಹೇಳಿದರು: ನಿನ್ನ ದನಿಗೆ ಅಡ್ಡ ಬರುತ್ತಿದೆಯೆಂದು ನನ್ನ ಗಿಟಾರನ್ನು ಒಂಬತ್ತೂ ಹಾಡಿನಲ್ಲಿ ತಾವೇ ಆಫ್ ಮಾಡಿ ಹತ್ತು ದಿನವಾಗಿತ್ತಂತೆ. ಆ ಹತ್ತೂ ದಿನ ನಾನು ಪಕ್ಕದಲ್ಲೇ ಕೂತು, ಕಣ್ಣು ಮುಚ್ಚಿ, ನನ್ನ ಗಿಟಾರಿಗೆ ತಲೆದೂಗುತ್ತಿದ್ದೆ.