ಕಿತ್ತು ತಂದವರೇ ಮೊದಲು

ಹುಮನಾಬಾದ
ಜುಲೈ 1986

ಅಕ್ಕನಿಗೆ ನಮಸ್ಕಾರ.

ಸಕ್ಕರೆ ಕಾರ್ಖಾನೆಯ ಕಂಪ್ಯೂಟರಿಗೆ ಕಬ್ಬು ಕಡಿಯುವ ಸರದಿ ಕಲಿಸಲು ಬಂದು ತಿಂಗಳಾಯಿತು. ಅದಕ್ಕೆ ಇಂಗ್ಲಿಷ್ ಬಿಟ್ಟು ಬೇರೆ ಅಕ್ಷರ ಬಾರದು. ಅದು ಅಚ್ಚು ಹಾಕಿದ ಚೀಟಿಯನ್ನು ರೈತರಿಗೆ ನಾನೇ ಓದಿ ಹೇಳಬೇಕು. ಬೇಸತ್ತು ನಿನ್ನೆ ಊರಾಚೆ ಅಣಬೆ ಹುಡುಕಲು ಹೋದೆ. ತಿನ್ನುವ ಅಣಬೆಯ ಬಣ್ಣ, ವಾಸನೆ, ಬೆಳೆಯುವ ಹುತ್ತ ಎಲ್ಲವನ್ನೂ ನಾನಿರುವ ಮನೆಯ ಒಡತಿ ಶೇವಂತಾಬಾಯಿಯವರಿಂದ ಕೇಳಿ ಪಟ್ಟಿ ಮಾಡಿಕೊಂಡಿದ್ದೆ. ಪಟ್ಟಿಗೆ ಹೊಂದಿದ್ದನ್ನು ಮಾತ್ರ ಕಿತ್ತು ತಂದೆ. ಅವರು ಒಂದನ್ನು ಮುರಿದು ನೋಡಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು.

"ಏನು ತಪ್ಪಿದೆ, ಹೇಳಿ," ಎಂದೆ.

"ಹೇಳಾಕ ಬರಂಗಿಲ್ರಿ. ನೋಡಿದ್ರ ತಿಳೀತದ."

"ಎಲ್ಲಾ ನೀವು ಹೇಳಿದಂತೆಯೇ ಇದೆಯಲ್ಲ."

"ಹಂಗಾದ್ರ ಬೇಯಿಸಿ ಕೊಡ್ತೇನ್ರಿ ಸಾಹೇಬ್ರ. ನಮ್ಮಲ್ಲಿ ಕಿತ್ತು ತಂದವರ ಮೊದಲ ಉಣಬೇಕು. ಮನೀ ಮಂದಿ ಮರುದಿನ."

ದಿನವೂ ಇಂಥದೇ ಪಟ್ಟಿ ಬರೆದು ಕಂಪ್ಯೂಟರಿಗೆ ಕೊಟ್ಟು, ಊರೂರಿನ ಕಬ್ಬನ್ನು ಅದನ್ನೇ ನಂಬಿ ಕಡಿಯಿರಿ ಎನ್ನುವವನು ನಾನು. ಆದರೂ ಬುಟ್ಟಿಯನ್ನು ನಾನೇ ಒಯ್ದು ತಿಪ್ಪೆಗೆ ಸುರಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಹೊಟ್ಟೆ ಮಾತ್ರ ಸರಿಯಾಗಿದೆ, ಚಿಂತಿಸಬೇಡ.

ನಿನ್ನ ತಮ್ಮ
ವಾಮನ