ಬೋಣಿಯ ದಿನ ಹೇಳದ ಹುಳುಕು

ಜೂನ್ ಮೂವತ್ತೊಂದು, ಎರಡು ಸಾವಿರದ ನೂರಾ ಎಪ್ಪತ್ತೊಂದು
ಓಣಿಮನೆ, ಜಿನ್ನಿನ ಓಣಿ, ಗದಗ

ಹಳೆಯ ಜಿನ್ನಿನ ಓಣಿಯ ಮಹಾಜನರೇ, ನಮಗಿಂತ ನೂರೈವತ್ತು ವರ್ಷ ಮೊದಲು ಈ ಕಲ್ಲುಹಾಸಿನ ಮೇಲೆ ನಡೆದಾಡಿದ ತಾಯಿ ತಂದೆಗಳೇ, ಶರಣು!

ಜೂನ್ ತಿಂಗಳಿಗೆ ಮೂವತ್ತೊಂದನೆಯ ದಿನ ಎಲ್ಲಿಂದ ಬಂತು ಎಂದು ನೀವು ಹುಬ್ಬು ಗಂಟಿಕ್ಕುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ನನ್ನ ತಾತನ ಕಾಲದಲ್ಲಿ ಜುಲೈನಿಂದ ಒಂದು ದಿನ ಕಿತ್ತು ಇತ್ತ ಜೋಡಿಸಿದರು. ಕಾರಣ ಕೇಳಬೇಡಿ, ಜೋಡಿಸಿದವರಿಗೇ ಮರೆತುಹೋಗಿದೆ. ನನ್ನ ಮಾತಿನಲ್ಲಿ ನಿಮಗೆ ಹೊಸತೆನಿಸುವ ಶಬ್ದಗಳು ಬಂದಾವು, ಹಳತೆನಿಸುವವೂ ಬಂದಾವು. ಎರಡಕ್ಕೂ ಕ್ಷಮೆ ಇರಲಿ. ಬಂದ ಬಂದ ಹಾಗೆ ಬಿಡಿಸಿ ಹೇಳುತ್ತೇನೆ. ಈ ಕಾಗದ ನಿಮ್ಮ ಕೈಗೆ ಹೇಗೆ ಬಂತು ಎಂಬುದನ್ನು ಮಾತ್ರ ಬಿಡಿಸಲಾರೆ. ಕಳಿಸುವವರು ನನಗೆ ಎರಡು ಸಲ ವಿವರಿಸಿದರು, ನಾನು ಎರಡು ಸಲವೂ ತಲೆಯಾಡಿಸಿದೆ, ಅಷ್ಟೇ.

ನಾನು ಕಲ್ಲಿನಾಥ ಬಿಂಕದಕಟ್ಟಿ, ಓಣಿಮನೆಯ ಸಾರುವವ. ನಮ್ಮ ಮನೆತನದವರು ನಾಟಕದ ಕಂಪನಿಯಲ್ಲಿ ರಾಜರಾಗಿ ಮೆರೆದು, ಪರದೆ ಬಿದ್ದ ಮೇಲೆ ಚಹಾ ಕುಡಿದು ಮಲಗಿದವರು. ಆ ದನಿ ನನಗೂ ಬಂದಿದೆ. ಓಣಿಯಲ್ಲಿ ಹೊಸ ಅಂಗಡಿ ತೆರೆದಾಗ, ಗರಗಸ ಸುತ್ತಿಗೆಯಂಥ ಹತಾರ ಕಳೆದಾಗ, ಗಾಳಿಪಾಳಿ ಬಂದಾಗ ಕೂಗಿ ಹೇಳುವುದು ನನ್ನ ಕೆಲಸ. ಗಾಳಿಪಾಳಿ ಎಂದರೆ ಕಪ್ಪತಗುಡ್ಡದ ಗಾಳಿಗಿರಣಿಗಳ ವಿದ್ಯುತ್ತು ಓಣಿಗೊಂದು ಹೊತ್ತಿನಂತೆ ಹಂಚಿಕೆಯಾಗುವುದು. ನಮ್ಮ ಪಾಳಿ ಬೆಳಗಿನ ಐದರಿಂದ. ಆಗ ಬಡಗಿಯ ಗರಗಸ, ಹಿಟ್ಟಿನ ಗಿರಣಿ, ಮಗ್ಗಗಳು ಒಟ್ಟಿಗೇ ದನಿ ತೆಗೆಯುತ್ತವೆ. ಹತ್ತು ಗಂಟೆಗೆ ಎಲ್ಲವೂ ನಿಲ್ಲುತ್ತದೆ, ಬಿಸಿಲಿಗೆ ಅಂಜಿ ಓಣಿ ಮಲಗುತ್ತದೆ, ಸಂಜೆ ಐದಕ್ಕೆ ಮತ್ತೆ ಏಳುತ್ತದೆ.

ನಿಮ್ಮ ಕಾಲದ ಓಣಿಯ ಚಿತ್ರವೂ ನಮ್ಮಲ್ಲಿದೆ. ಹನ್ನೊಂದು ಅಂಗಡಿಗಳಲ್ಲಿ ಏಳಕ್ಕೆ ಬೀಗ, ಹತ್ತಿಯ ಬೀಜ ಬಿಡಿಸುತ್ತಿದ್ದ ಜಿನ್ನಿನ ಗೇಟಿಗೆ ತುಕ್ಕು, ಹತ್ತಿ ತುಂಬುತ್ತಿದ್ದ ಗೋದಾಮಿನಲ್ಲಿ ಪಾರಿವಾಳದ ಸಂಸಾರ. ಆ ಗೋದಾಮನ್ನು ನೀವು ಕೆಲವರು ಕಸಬರಿಗೆ ಹಿಡಿದು ಗುಡಿಸಿದಿರಿ. ಹಳೆಯ ಹತಾರಗಳನ್ನು ಒಟ್ಟುಮಾಡಿ, ಬೇಕಾದವರು ಒಯ್ದು ತಂದಿಡಿ ಎಂದಿರಿ. ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡಲು ಒಂದು ಮೇಜು ಹಾಕಿದಿರಿ, ದುಡಿಯುವ ತಾಯಂದಿರಿಗೆಂದು ಸಾಲಾಗಿ ತೊಟ್ಟಿಲು ಕಟ್ಟಿದಿರಿ. ಅದೇ ನಮ್ಮ ಓಣಿಮನೆ. ಹತಾರಗಳು ಬದಲಾಗಿವೆ, ತೊಟ್ಟಿಲುಗಳು ಮಾತ್ರ ಅವೇ.

ಓಣಿಮನೆಯ ಬಾಗಿಲ ಬಲಕ್ಕೆ ಒಂದು ಅಂಗಡಿ ಇದೆ. ಅದಕ್ಕೆ ಕಟ್ಟೆ ಎನ್ನುತ್ತೇವೆ. ಹೊಸದಾಗಿ ಕಸುಬು ಹಿಡಿದವರಿಗೆ ಅದು ಆರು ತಿಂಗಳು ಬಾಡಿಗೆಯಿಲ್ಲದೆ ಸಿಗುತ್ತದೆ. ಅಷ್ಟರೊಳಗೆ ಇಪ್ಪತ್ತು ಮನೆಯವರು ಅವರ ಸರಕು ಕೊಂಡು ಬಳಸುತ್ತಿದ್ದರೆ, ಓಣಿಯಲ್ಲಿ ಮುಚ್ಚಿದ ಒಂದು ಬಾಗಿಲನ್ನು ಓಣಿಮನೆಯೇ ಅವರಿಗೆ ತೆರೆಸಿಕೊಡುತ್ತದೆ, ಹತಾರದ ಸಮೇತ. ಇಲ್ಲವಾದರೆ ಕಟ್ಟೆ ಮುಂದಿನವರಿಗೆ. ಇನ್ನೊಂದು ಕಟ್ಟಳೆಯನ್ನು ನೀವು ಹಲಗೆಯ ಮೇಲೆ ಕೊರೆಸಿದ್ದೀರಿ. ಹೊಸ ಅಂಗಡಿಯ ಬೋಣಿ, ಅಂದರೆ ಮೊದಲ ವ್ಯಾಪಾರ, ಅದೇ ಕಸುಬಿನ ಹಳೆಯ ಅಂಗಡಿಯವರದು. ಅವರು ಬಂದು ಕೊಳ್ಳಬೇಕು. ಸರಕಿನ ಒಂದು ಹುಳುಕನ್ನು ಎಲ್ಲರೆದುರು ಹೇಳಬೇಕು. ಆಮೇಲೆ ಕೂತು ಅದನ್ನು ತಿದ್ದಿಕೊಡಬೇಕು.

ಎಂಥ ಕಟ್ಟಳೆ! ಎದುರಾಳಿಯನ್ನೇ ಗುರುವಾಗಿಸುವ ಕಟ್ಟಳೆ! ಮಹಾಜನರೇ, ಅದನ್ನು ಕೆಡಿಸಿದವನು ನಾನು.

ಇಪ್ಪತ್ತೆರಡು ವರ್ಷದ ಕೆಳಗೆ ಒಬ್ಬ ಕುಂಬಾರನ ಬೋಣಿಗೆ ಹಳೆಯ ಕುಂಬಾರ ಬಂದು, "ಹುಳುಕು ಸಿಗವಲ್ದು ಅನ್ನೋದ ಇದರ ಹುಳುಕು ನೋಡ್ರಿ!" ಎಂದ. ಮಾತು ನನಗೆ ರುಚಿಸಿತು. ಮೂರು ಓಣಿಗೆ ಕೇಳುವಂತೆ ಅದನ್ನು ಸಾರಿದೆ, ಚಪ್ಪಾಳೆ ಬಿತ್ತು. ಅಂದಿನಿಂದ ಬೋಣಿಗೆ ಬಂದವರೆಲ್ಲ ಹುಳುಕಿನ ಹೆಸರಲ್ಲಿ ಹೊಗಳತೊಡಗಿದರು. ನಾನು ಅದಕ್ಕೆ ಒಗ್ಗರಣೆ ಹಾಕತೊಡಗಿದೆ. ತಿದ್ದಿಕೊಡುವ ಮಾತು ತಾನಾಗಿ ಬಿದ್ದುಹೋಯಿತು, ಹುಳುಕೇ ಇಲ್ಲದ ಮೇಲೆ ತಿದ್ದುವುದೇನನ್ನು?

ಈ ಜನವರಿಯಲ್ಲಿ ಕಟ್ಟೆ ಹತ್ತಿದವಳು ಮುಕ್ತಾ ಡಂಬಳ. ನಲವತ್ತು ದಾಟಿದ ಹೆಂಗಸು. ಹತ್ತೊಂಬತ್ತು ವರ್ಷ ಗಾಳಿಗಿರಣಿಯ ಕಂಬ ಹತ್ತಿ ಇಳಿದು ಮೊಳಕಾಲು ಸವೆದ ಮೇಲೆ, ಓಣಿಮನೆಯ ಮಗ್ಗದಲ್ಲಿ ನೇಯ್ಗೆ ಕಲಿತು ನೆರಳುಬಟ್ಟೆ ನೇಯತೊಡಗಿದಳು. ನೆರಳುಬಟ್ಟೆ ಎಂದರೆ ಓಣಿಯ ಆಚೆ ಮಾಳಿಗೆಯಿಂದ ಈಚೆ ಮಾಳಿಗೆಗೆ ಬಿಗಿದು ಕಟ್ಟುವ ಬಟ್ಟೆ. ಫೆಬ್ರವರಿಯಿಂದ ಜೂನ್‌ವರೆಗೆ ಅದರ ಕೆಳಗೇ ನಮ್ಮ ಬದುಕು. ಮಧ್ಯಾಹ್ನ ಮಲಗುವುದು, ಸೊಪ್ಪು ಸೋಸುವುದು, ಮಕ್ಕಳ ಪಾಠ, ಮುದುಕರ ಜಗಳ ಎಲ್ಲ ಅಲ್ಲೇ. ಕಂಬ ಹತ್ತುವ ಕೆಲಸಕ್ಕೆ ಮುಕ್ತಾ ಮರಳುವಂತಿಲ್ಲ. ಕಟ್ಟೆ ಅವಳಿಗೆ ಇದ್ದ ಒಂದೇ ಬಾಗಿಲು.

ಬೋಣಿಗೆ ಬಂದವನು ಈರಸಂಗಪ್ಪ ಅಬ್ಬಿಗೇರಿ, ಐವತ್ತು ವರ್ಷದಿಂದ ನೆರಳುಬಟ್ಟೆ ನೇಯುವ ಮುದುಕ. ನೀಲಿ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದ, ಬೆಳಕಿಗೆ ಹಿಡಿದ, ಆಮೇಲೆ ಕೈ ಎತ್ತಿದ. "ಹುಳುಕು ಒಂದೈತ್ರೆಪಾ! ಇಷ್ಟು ಚೆಂದ ನೇದ್ರ ನನ್ನಂಥಾ ಮುದುಕ ಮಗ್ಗ ಮಾರಿ ಕಾಶಿಗೆ ಹೋಗಬೇಕಾಗ್ತೈತಿ!" ಓಣಿ ನಕ್ಕಿತು. ನಾನು ಎದೆಯುಬ್ಬಿಸಿ, "ಇದು ಬಟ್ಟೆಯಲ್ಲ ಮಹಾಜನರೇ, ಹಗಲಿಗೆ ಹೊದಿಸಿದ ಬೆಳದಿಂಗಳು!" ಎಂದು ಗರ್ಜಿಸಿದೆ. ಅದೇ ವಾರ ಒಂಬತ್ತು ಮನೆಯವರು ಕೊಂಡು ಕಟ್ಟಿದರು. ನಾನೂ ಅವರಲ್ಲೊಬ್ಬ.

ಫೆಬ್ರವರಿಯ ಬಿಸಿಲು ಬಿತ್ತು ನೋಡಿ, ಬಟ್ಟೆಯ ಗುಣ ತಿಳಿಯಿತು. ಎಳೆ ಎಳೆಗೆ ಒತ್ತಿ ನೇಯ್ದ ಬಟ್ಟೆ, ಬಿಸಿಲನ್ನು ತಡೆಯಿತು, ಗಾಳಿಯನ್ನೂ ತಡೆಯಿತು. ಕೆಳಗೆ ಕೂತವರು ಮುಚ್ಚಳ ಹಾಕಿದ ಗಡಿಗೆಯಲ್ಲಿ ಬೆಂದ ಹಾಗೆ ಬೆಂದರು. ಒಬ್ಬೊಬ್ಬರಾಗಿ ಬಿಚ್ಚಿದರು. ಯಾರೂ ಕಾರಣ ಹೇಳಲಿಲ್ಲ. ಒಬ್ಬರು ಒಗೆಯಲು ಹಾಕಿದ್ದೇವೆ ಎಂದರು, ಒಬ್ಬರು ಮಗಳ ಊರಿಗೆ ಕಳಿಸಿದ್ದೇವೆ ಎಂದರು. ಬಳೆ ಅಂಗಡಿಯ ಸಂಕವ್ವ, "ಅಷ್ಟು ಚೆಂದದ್ದು ಬಿಸಿಲಿಗೆ ಹಾಕಾಕ ಮನಸ ಬರವಲ್ದವ್ವ" ಎಂದಳು. ಹತ್ತನೆಯ ಗಿರಾಕಿ ಬರಲಿಲ್ಲ. ಬಣ್ಣ ಹಿಡಿಸಲಿಲ್ಲವೇನೋ ಎಂದು ಮುಕ್ತಾ ಹಸಿರು ಹಾಕಿದಳು. ಆಮೇಲೆ ಅಂಚು ಬದಲಿಸಿದಳು. ಆಮೇಲೆ ಅಂಚಿಗೆ ನವಿಲು ನೇಯ್ದಳು. ಏಪ್ರಿಲ್ ಹೋಯಿತು, ಮೇ ಹೋಯಿತು.

ಮೇ ಕೊನೆಗೆ ಅವಳು ಓಣಿಮನೆಗೆ ಬಂದು ನನ್ನೆದುರು ನಿಂತಳು. ನಾನು, "ತಾಯೀ, ಕಲೆಗೆ ಕಾಲ ಕೂಡಿಬರಬೇಕು" ಎಂದು ಆರಂಭಿಸಿದೆ.

"ಕಲ್ಲಿನಾಥಣ್ಣ, ನಾಟಕ ಸಾಕು. ನಿಮ್ಮ ಮನಿ ಮುಂದ ಕಟ್ಟಿದ್ದ ಬಟ್ಟಿ ಎಲ್ಲೈತ್ರಿ?"

ಅದು ನಮ್ಮ ಅಟ್ಟದ ಮೇಲೆ ಜೋಳದ ಚೀಲಕ್ಕೆ ಹೊದಿಕೆಯಾಗಿತ್ತು. ಬಾಯಿಗೆ ಬಂದ ಮೂರು ಸುಳ್ಳುಗಳನ್ನು ನುಂಗಿದೆ. "ಅದರ ಕೆಳಗ ಉಸಿರು ಕಟ್ತೈತವ್ವಾ" ಎಂದೆ.

ಅವಳು ಬೆರಳು ಮಡಚಿ ಎಣಿಸಿದಳು. "ಐದು ತಿಂಗಳು. ಐದು ತಿಂಗಳು ನಾ ಬಣ್ಣ ಬದಲ ಮಾಡೀನಿ, ಅಣ್ಣಾ. ನವಿಲು ನೇದೀನಿ. ನಿಮ್ಮ ದನೀನೂ ಅಷ್ಟ ನೋಡ್ರಿ. ಭಾಳ ದೊಡ್ಡದು. ಅದರ ಕೆಳಗೂ ಉಸಿರು ಕಟ್ತೈತಿ."

ಅಷ್ಟು ಹೇಳಿ ನೇರ ಈರಸಂಗಪ್ಪನ ಅಂಗಡಿಗೆ ನಡೆದಳು. ನಾನು ಹಿಂದೆ ಓಡಿದೆ. ಮುದುಕ ಮಗ್ಗದ ಲಾಳಿ ಕೆಳಗಿಟ್ಟ. ಮೊದಲ ದಿನ ಮುಟ್ಟಿದಾಗಲೇ ಗೊತ್ತಿತ್ತು ಎಂದು ಒಪ್ಪಿಕೊಂಡ. "ಹೊಸದಾಗಿ ಬಂದಾಕಿ, ಮಂದ್ಯಾಗ ಮಾನ ಯಾಕ ಕಳೀಬೇಕು ಅಂತ ಬಿಟ್ನಿ ತಂಗಿ."

"ಮಾನ ಉಳಿಸಿ ಅನ್ನ ಕಳದ್ರಿ, ಕಾಕಾ."

ಮುದುಕ ಎದ್ದು ತನ್ನ ಅಂಗಡಿಯ ಬಾಗಿಲೆಳೆದ. ನೆರಳುಬಟ್ಟೆಯ ವ್ಯಾಪಾರ ಕುದಿಯುವ ಕಾಲದಲ್ಲಿ ಹನ್ನೊಂದು ದಿನ ಬಾಗಿಲು ತೆರೆಯಲಿಲ್ಲ. ಕಟ್ಟೆಯಲ್ಲಿ ಮುಕ್ತಾಳ ಮಗ್ಗದ ಪಕ್ಕ ಕೂತು, ಉದ್ದಕ್ಕಿರುವ ಹಾಸಿನ ಎಳೆಗಳಲ್ಲಿ ಪಕ್ಕಪಕ್ಕದ ಎರಡನ್ನು ಒಂದಕ್ಕೊಂದು ತಿರುವಿ ನಡುವೆ ಅಡ್ಡ ಹೊಕ್ಕಿನ ಎಳೆ ಹಿಡಿಸುವುದನ್ನು ಕಲಿಸಿದ. ಹಾಗೆ ನೇಯ್ದರೆ ಸಂದಿ ಬಿಟ್ಟರೂ ಬಟ್ಟೆ ಸಡಿಲಾಗದು, ಗಾಳಿ ಆಡುತ್ತದೆ. ಸಂದಿಯಿಂದ ಕೈ ತೂರಿಸಿ, "ಗಾಳಿಗೂ ಒಂದು ಬಾಗಿಲಾ ಬಿಡವ್ವ, ಅದೂ ನಮ್ಮ ಓಣೀದ ಅಲ್ಲೇನು" ಎನ್ನುತ್ತಿದ್ದ. ಓಣಿಯವರು ಕೆಣಕಿದರು. "ನಿನ್ನ ಅನ್ನಕ್ಕ ನೀನ ಮಣ್ಣು ಹಾಕ್ಕೊಳ್ಳಾಕತ್ತಿಯಲ್ಲೋ ಮುದುಕಾ!" ಅವನು ತಲೆ ಎತ್ತದೆ, "ಈಕೀ ಬಟ್ಟಿ ಕೆಟ್ಟರ ಮಂದಿ ಈಕೀಗೆ ಅನ್ನೂದಿಲ್ಲ, ಜಿನ್ನಿನ ಓಣಿ ಬಟ್ಟೀನ ಕೆಟ್ಟದ್ದು ಅಂತಾರ. ಆಮ್ಯಾಲೆ ನಂದೂ ಯಾಂವ ತಗೋತಾನ?" ಎಂದ.

ಹೊಸ ಬಟ್ಟೆ ಹಗುರ, ನೆರಳು ಜಾಳುಜಾಳು, ಕೆಳಗೆ ಕೂತರೆ ಕೆರೆಯ ದಂಡೆಯ ತಂಪು. ಗಿರಾಕಿಗಳು ಬಂದರು. ಆದರೆ ಉಳಿದದ್ದು ಹತ್ತೊಂಬತ್ತು ದಿನ.

ನಿನ್ನೆ ಎಣಿಕೆಯ ದಿನ. ಸಾರುವವ ಓಣಿ ಉದ್ದಕ್ಕೂ ನಡೆದು ಎಣಿಸಬೇಕು. ಹೊಸ ಬಟ್ಟೆಯ ಮನೆಗಳು ಹದಿನಾಲ್ಕು. ಇನ್ನೂ ಆರು ಬೇಕು. ಮೂಲೆ ತಿರುಗಿ ನೋಡುತ್ತೇನೆ, ಸಂಕವ್ವನ ಮನೆಯ ಮುಂದೆ ಜನವರಿಯ ನೀಲಿ ಬಟ್ಟೆ! ಪಕ್ಕದ ಮನೆಗೆ ಇನ್ನೊಂದು! ಅದರಾಚೆ ನಮ್ಮ ಮನೆ, ನನ್ನ ಹೆಂಡತಿ ಅಟ್ಟದಿಂದ ಇಳಿಸಿ ಕಟ್ಟಿದ್ದಾಳೆ, ಜೋಳದ ಹೊಟ್ಟು ಇನ್ನೂ ಉದುರುತ್ತಿದೆ! ಬೆಳಗಾಗುವುದರೊಳಗೆ ಒಂಬತ್ತೂ ಮನೆಯವರು ಮಾತಾಡಿಕೊಂಡು ಕಟ್ಟಿದ್ದರು. ಹದಿನಾಲ್ಕಕ್ಕೆ ಒಂಬತ್ತು ಕೂಡಿದರೆ ಇಪ್ಪತ್ಮೂರು. ಓಣಿಯೆಲ್ಲ ನನ್ನ ಬಾಯಿಯನ್ನೇ ನೋಡುತ್ತಿತ್ತು. ನಾನು ಉಸಿರೆಳೆದು ದನಿ ಎತ್ತಿದೆ.

"ತಡೀರಿ ಕಲ್ಲಿನಾಥಣ್ಣ." ಮುಕ್ತಾ ನೀಲಿ ಬಟ್ಟೆಯ ಕೆಳಗೆ ಹೋಗಿ ನಿಂತಳು. "ಸಂಕವ್ವತ್ತಿ, ಮಧ್ಯಾಹ್ನ ಇದರ ಕೆಳಗ ಮಲಕ್ಕೋತಿ ಏನು?"

ಸಂಕವ್ವ ಬಳೆ ತಿರುವಿಕೊಂಡಳು. "ಇಲ್ಲವ್ವ. ಇವತ್ತೊಂದಿನಕ್ಕ ಅಂತ ಕಟ್ಟೀನಿ. ನಾಳೆ ಬಿಚ್ತೀನಿ."

"ಹಂಗಾರ ಇವತ್ತ ಬಿಚ್ಚು."

"ಹುಚ್ಚಿ! ಕಟ್ಟೆ ಹೋಗ್ತೈತಲ್ಲ!"

"ಹೋಗಲಿ ಅತ್ತಿ. ಬೋಣಿ ದಿನಾನೂ ಹಿಂಗ ಚೊಲೋ ಮಾಡಿದ್ರಿ."

ಕೊನೆಗೆ ಈರಸಂಗಪ್ಪನೇ ಏಣಿ ತಂದು ಗೋಡೆಗಿಟ್ಟ. ಕಂಬ ಹತ್ತಿ ಸವೆದ ಆ ಮೊಳಕಾಲಲ್ಲಿ ಮುಕ್ತಾ ತಾನೇ ಏರಿ ಮೊದಲ ಬಟ್ಟೆಯನ್ನು ಬಿಚ್ಚಿದಳು. ಉಳಿದ ಎಂಟನ್ನು ಕಟ್ಟಿದವರೇ ಬಿಚ್ಚಿದರು. ನಾನು ಹದಿನಾಲ್ಕು ಎಂದು ಸಾರಿದೆ. ಇಷ್ಟು ಸಣ್ಣ ದನಿಯಲ್ಲಿ ನಾನು ಯಾವತ್ತೂ ಏನನ್ನೂ ಸಾರಿದವನಲ್ಲ, ಆದರೂ ಓಣಿಯ ತುದಿಗೆ ಕೇಳಿಸಿತು.

ಇಂದು ಬೆಳಿಗ್ಗೆ ಅವಳು ಕಟ್ಟೆಯ ಕೀಲಿ ಒಪ್ಪಿಸಿದಳು. ಸರದಿಯ ಪಟ್ಟಿಯ ಕೊನೆಗೆ ಮತ್ತೆ ತನ್ನ ಹೆಸರು ಬರೆಸಿದಳು, ಮುಂದೆ ಹನ್ನೊಂದು ಮಂದಿ ಇದ್ದಾರೆ. ತನ್ನ ಅಂಗಡಿಯ ಅರ್ಧ ಜಗಲಿ ಬಿಟ್ಟುಕೊಡುತ್ತೇನೆ ಎಂದು ಈರಸಂಗಪ್ಪ ಹೇಳಿಕಳಿಸಿದ್ದಾನೆ. ಅವಳು ಇನ್ನೂ ಹೂಂ ಅಂದಿಲ್ಲ. ಐದು ತಿಂಗಳನ್ನು ಅವಳಿಗೆ ಮರಳಿಸುವ ಕಟ್ಟಳೆ ನಮ್ಮ ಹಲಗೆಯ ಮೇಲಿಲ್ಲ.

ನಾಳೆ ಅದೇ ಕಟ್ಟೆಯಲ್ಲಿ ಒಬ್ಬ ಚಪ್ಪಲಿ ಹೊಲಿಯುವವನ ಬೋಣಿ. ಹಳೆಯ ಚಪ್ಪಲಿ ಅಂಗಡಿಯ ಯಜಮಾನ ಆಗಲೇ ಎರಡು ಸಲ ಬಂದು, ಖರೆನ ಹೇಳಬೇಕೇನ್ರಿ ಎಂದು ಕೇಳಿಹೋದ. ಹೇಳಲೇಬೇಕು, ನೀವು ಹೇಳಿದ್ದನ್ನಷ್ಟೇ ಸಾರುತ್ತೇನೆ, ಆಮೇಲೆ ಇಬ್ಬರಿಗೂ ಚಾಪೆ ಹಾಸಿಕೊಡುತ್ತೇನೆ ಎಂದಿದ್ದೇನೆ.

ಇನ್ನು ನನ್ನ ಬೇಡಿಕೆ. ನೀವು ಗೋದಾಮು ಗುಡಿಸಿ, ಹಲಗೆ ಕೊರೆಸಿ ಮುಗಿಸಿರಬಹುದು. ಮೊದಲ ಅಂಗಡಿ ಇನ್ನೂ ತೆರೆದಿರಲಿಕ್ಕಿಲ್ಲ. ಆ ಬೋಣಿಯ ದಿನ ಏನು ನಡೆಯಿತು ಎಂಬುದು ನಮ್ಮ ಯಾವ ಕಾಗದದಲ್ಲೂ ಇಲ್ಲ. ನಿಮ್ಮಲ್ಲಿ ಒಬ್ಬರು ಎದುರಾಳಿಯಾಗಿ ನಿಲ್ಲಬೇಕಾದೀತು. ಹೊಸಬರು ಕೈ ಒರೆಸಿಕೊಳ್ಳುತ್ತ ನಿಮ್ಮ ಮುಖ ನೋಡುತ್ತಿರುತ್ತಾರೆ, ಜನ ನಗಲು ಕಾದಿರುತ್ತಾರೆ, ನಿಮ್ಮ ನಾಲಿಗೆಗೆ ಜೇನಿನಂಥ ಮಾತೊಂದು ತಾನಾಗಿ ಬಂದು ಕೂತಿರುತ್ತದೆ. ದಯವಿಟ್ಟು ಅದನ್ನು ನುಂಗಿ. ಕಂಡ ಹುಳುಕನ್ನು ಹೇಳಿ, ಮೆತ್ತಗೆ ಹೇಳಿದರೂ ಪೂರಾ ಹೇಳಿ. ಆಮೇಲೆ ನಿಮ್ಮ ಅಂಗಡಿಯ ಬಾಗಿಲೆಳೆದು ಬಂದು ಅವರ ಪಕ್ಕ ಕೂತುಕೊಳ್ಳಿ.

ಹೊಗಳಿಕೆಗೆ ಅವಸರವಿಲ್ಲ. ಅದಕ್ಕೆ ನನ್ನಂಥವರು ಪ್ರತಿ ಕಾಲದಲ್ಲೂ ಹುಟ್ಟುತ್ತಲೇ ಇರುತ್ತೇವೆ.

ಇಂತಿ ನಿಮ್ಮ ಓಣಿಯವ,
ಕಲ್ಲಿನಾಥ ಬಿಂಕದಕಟ್ಟಿ