ಗಾಳಿಬಂಡಿಯ ಕೂಸು ಮತ್ತು ನೀಲಾಂಬಿಕಾ ಮೇಡಂ

ಗದಗ, ಫೆಬ್ರುವರಿ ೩೦, ೨೧೮೬

ಇಪ್ಪತ್ತೊಂದನೆಯ ಶತಮಾನದ ಕಾನೂನು ಅಧ್ಯಾಪಕರಿಗೆ ನಮಸ್ಕಾರಗಳು.

ಹೌದು, ನಮ್ಮ ಕ್ಯಾಲೆಂಡರಿನಲ್ಲಿ ಈ ತಾರೀಕು ಇದೆ. ನನ್ನ ಕೆಲವು ಪದಗಳೂ ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ನಮ್ಮಲ್ಲಿ ಮೊದಲ ತೀರ್ಪು ಕೊಡುವುದು ತೂಗುಯಂತ್ರ. ನಿಯಮವನ್ನೂ ಸಾಕ್ಷ್ಯವನ್ನೂ ತೂಗಿ ಕ್ಷಣದಲ್ಲಿ ಹೇಳಿಬಿಡುತ್ತದೆ. ಮೇಲ್ಮನವಿಯನ್ನು ಮಾತ್ರ ಮನುಷ್ಯರೇ ಕೇಳಬೇಕು.

ನೀಲಾಂಬಿಕಾ ಕುರಡಗಿಯವರು ಬೆಳಿಗ್ಗೆ ನಮಗೆ ಕಾನೂನು ಕಲಿಸಿ, ಮಧ್ಯಾಹ್ನ ಮೇಲ್ಮನವಿ ವಾದಿಸುತ್ತಿದ್ದರು. ಯಾರಾದರೂ ಚೆನ್ನಾಗಿ ವಾದಿಸಿದರೆ, "ಈಗ ಎದುರಿನಾಂವನ ಪರ ಮಾತಾಡು" ಎಂದು ಜಾಗ ಬದಲಿಸುತ್ತಿದ್ದರು. ನಾವು ನಗುತ್ತಲೇ ತಿಣುಕುತ್ತಿದ್ದೆವು. ಓದು ಮುಗಿಸಿ ನಾನು ಸರ್ಕಾರಿ ವಕೀಲನಾದೆ. ಅದೇ ವರ್ಷ ಅವರ ಎದುರಿಗೇ ನಿಲ್ಲಬೇಕಾಯಿತು.

ಹುಸೇನಬಿ ಎಂಬ ಸೂಲಗಿತ್ತಿ, ಗಾಳಿಯ ಬಲದಿಂದ ಊರೂರಿಗೆ ಓಡುವ ಗಾಳಿಬಂಡಿಯೊಳಗೆ ಅಪರಿಚಿತ ಹೆಂಗಸೊಬ್ಬಳ ಹೆರಿಗೆಗೆ ನೆರವಾಗಿದ್ದಳು. ತಾಯಿ, ಮಗು ಕ್ಷೇಮ. ಆದರೆ ಚಲಿಸುವ ವಾಹನದಲ್ಲಿ ಹೆರಿಗೆ ಮಾಡಿಸಬಾರದೆಂಬ ನಿಯಮ ಮುರಿದಳೆಂದು ತೂಗುಯಂತ್ರ ಅವಳ ಪರವಾನಗಿ ಕಿತ್ತುಕೊಂಡಿತು. ಇನ್ನು ಜೀವಮಾನದಲ್ಲಿ ಅವಳು ಆ ಕೆಲಸ ಮಾಡುವಂತಿರಲಿಲ್ಲ.

ಅವಳ ಪರ ಮೇಡಂ ಮೇಲ್ಮನವಿ ಹಾಕಿದರು; ಸರ್ಕಾರದ ಪರ ನಾನು ಬಿಡದೆ ವಾದಿಸಿದೆ. ಈ ನಿಯಮಕ್ಕೆ ವಿನಾಯಿತಿಯೇ ಇಲ್ಲವೆಂದೆ. ನ್ಯಾಯಮೂರ್ತಿಗಳು ತಲೆದೂಗಿದರು. ಹುಸೇನಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೇಡಂ ಎದ್ದರು. "ವಿನಾಯಿತಿ ನಾ ಕೇಳೂದೇ ಇಲ್ರೀ. ಹೆರಿಗಿ ಮಾಡಿಸಬಾರದು ಅಂತ ಐತಿ. ಆಕಿ ಎಲ್ಲಿ ಮಾಡಿಸಿದಳು? ಕೂಸು ತಾನಾಗೇ ಬಂತು. ಆಕಿ ಕೈ ಒಡ್ಡಿದಳು. ಕೈ ಒಡ್ಡಬ್ಯಾಡ ಅಂತ ಯಾವ ನಿಯಮದಾಗ ಐತಿ, ತೋರಸ್ರಿ."

ನ್ಯಾಯಮೂರ್ತಿಗಳು ನನ್ನತ್ತ ತಿರುಗಿದರು. "ತೋರಸ್ತೀರೇನು?"

ನಿಯಮಗಳು ನನಗೆ ಬಾಯಿಪಾಠ. ಅಂಥ ಮಾತು ಎಲ್ಲೂ ಇರಲಿಲ್ಲ. "ಇಲ್ಲ, ಸ್ವಾಮಿ" ಎಂದೆ.

ಪರವಾನಗಿ ಮರಳಿತು. ಹುಸೇನಬಿ ಸಂಭ್ರಮದಲ್ಲಿ ಯಾರು ಯಾರ ವಕೀಲರೆಂದು ನೋಡದೆ ನನ್ನನ್ನೇ ತಬ್ಬಿಕೊಂಡಳು. ಸೋತವನಿಗೆ ಅಷ್ಟು ಹಿಗ್ಗು ಆಗಬಾರದಿತ್ತು; ಆಯಿತು.

ಹೊರಗೆ ಮೇಡಂ ಬೆನ್ನು ಚಪ್ಪರಿಸಿದರು. "ಛಲೋ ವಾದ ಮಾಡಿದಿ. ನನಗ ಅಂಜಿಕಿ ಹುಟ್ಟಿಸಿಬಿಟ್ಟಿ. ನಾಳಿ ನನ್ನ ಕ್ಲಾಸ್ ನೀ ತಗೋ."

"ಸೋತಾಂವ ಏನ್ ಕಲಸಲಿ, ಮೇಡಂ?"

"ಗೆದ್ದಾಂವ ಯಾವತ್ತರ ಮೇಲ್ಮನವಿ ಹಾಕ್ಯಾನೇನು? ಅದನ್ನ ಸೋತಾಂವನೇ ಕಲಸಬೇಕು."

ಮರುದಿನ ಹೋದೆ; ಇಂದಿಗೂ ಹೋಗುತ್ತಿದ್ದೇನೆ. ಅಂದು ಬಾಯಿ ತೆರೆದು ಎರಡು ಮಾತಾಡಿರಲಿಲ್ಲ, ಕೊನೆಯ ಸಾಲಿನಲ್ಲಿ ಕೂತಿದ್ದ ಮೇಡಂ ಕೈ ಎತ್ತಿದರು: "ನಾ ಒಪ್ಪೂದಿಲ್ಲ, ಸರ!" ತರಗತಿಗೆ ತರಗತಿಯೇ ಚಪ್ಪಾಳೆ ಹೊಡೆಯಿತು.

ನಿಮ್ಮಲ್ಲಿ ಒಂದೇ ಬೇಡಿಕೆ. ನಿಮ್ಮ ತರಗತಿಯಲ್ಲಿ ಹಾಗೆ ಕೈ ಎತ್ತಿದವರನ್ನು ಗದರಿಸಿ ಕೂರಿಸಬೇಡಿ. ನಮ್ಮ ಮೇಡಂ ಕಲಿತದ್ದು ಅಂಥವರ ಶಿಷ್ಯರ ಶಿಷ್ಯರಿಂದ.

ನಿಮ್ಮವ,
ಚನ್ನಪ್ರಭು ತೆಗ್ಗಿನಮನಿ
ಮೇಲ್ಮನವಿ ಅಧ್ಯಾಪಕ